ಮಗುವಿನ ಮೊದಲ ಚುಚ್ಚುಮದ್ದು
(ಸಂಘದ ವಾರ್ಷಿಕ ಸಭೆಯಲ್ಲಿ ಮಾಡಿದ ಭಾಷಣದ ಬರಹರೂಪ)



ನನಗೆ ಕೊಟ್ಟಿದ್ದ ವಿಷಯ ಮನೆಮಾತು ಮತ್ತು ನಾಡಿನ ಭಾಷೆಯ ಕಲಿಕೆ. ಉರ್ದು, ಕನ್ನಡ ಎರಡನ್ನೂ ಕಲಿಸುವವಳಿಗೆ ಅದು ಸಲೀಸಾದ ವಿಷಯವೇ. ಆದರೆ ನಾನೀಗ ಹೆರಿಗೆ ರಜೆಯಲ್ಲಿದ್ದೇನೆ. ಒಂಬತ್ತು ವಾರದ ಮಗಳು ಹಿಂದಿನ ಸಾಲಿನಲ್ಲಿ ನಮ್ಮ ಅತ್ತೆಯವರ ಮಡಿಲಲ್ಲಿ ಮಲಗಿದ್ದಾಳೆ. ಎರಡು ತಿಂಗಳಿಂದ ನನ್ನ ತಲೆಯಲ್ಲಿ ವ್ಯಾಕರಣ ಇಲ್ಲ. ಮಗುವಿನ ತೂಕ, ಮಗುವಿನ ನಿದ್ದೆ, ಚುಚ್ಚುಮದ್ದಿನ ತಾರೀಕು ಇಷ್ಟೇ ಇರುವುದು. ಹಾಗಾಗಿ ಕಾರ್ಯದರ್ಶಿಗಳನ್ನು ಕೇಳಿ ವಿಷಯ ಬದಲಿಸಿಕೊಂಡೆ. ಅವಳು ಎದ್ದು ಅತ್ತರೆ ಭಾಷಣ ಅಲ್ಲಿಗೇ ನಿಲ್ಲುತ್ತದೆ, ದಯವಿಟ್ಟು ಕ್ಷಮಿಸಬೇಕು.

ಶಿಕ್ಷಣ ಸಂಘದ ಸಭೆಯಲ್ಲಿ ಆಸ್ಪತ್ರೆಯ ಮಾತು ಯಾಕೆ ಎಂದು ನೀವು ಕೇಳಬಹುದು. ಅದಕ್ಕೆ ಉತ್ತರವಾಗಿ ನನ್ನದೇ ಒಂದು ತಪ್ಪನ್ನು ಮೊದಲು ಹೇಳಿಬಿಡುತ್ತೇನೆ.

2017ರ ಫೆಬ್ರವರಿ ತಿಂಗಳು ನಿಮಗೆ ನೆನಪಿರಬಹುದು. ದಡಾರ ಮತ್ತು ರುಬೆಲ್ಲಾ ಲಸಿಕೆಯ ಅಭಿಯಾನ ದೇಶದಲ್ಲಿ ಮೊದಲು ಆರಂಭವಾದ ಐದು ಕಡೆಗಳಲ್ಲಿ ನಮ್ಮ ಕರ್ನಾಟಕವೂ ಒಂದು. ತಮಿಳುನಾಡು, ಗೋವಾ, ಪುದುಚೇರಿ, ಲಕ್ಷದ್ವೀಪ ಉಳಿದವು. 9 ತಿಂಗಳಿನಿಂದ 15 ವರ್ಷದೊಳಗಿನ ಎಲ್ಲ ಮಕ್ಕಳಿಗೆ, ಶಾಲೆಗಳಲ್ಲೇ ಲಸಿಕೆ. ನಾನು ಆಗ ಬಿ.ಎಡ್. ಮುಗಿಸಿ ಹೊಸದಾಗಿ ಐದನೇ ತರಗತಿಗೆ ಟೀಚರ್ ಆಗಿದ್ದೆ. ಅಭಿಯಾನಕ್ಕೆ ನಾಲ್ಕು ದಿನ ಮೊದಲು ವಾಟ್ಸ್ಆ್ಯಪ್‌ನಲ್ಲಿ ಒಂದು ಸಂದೇಶ ಬಂತು. ಇದು ಮುಂದೆ ಮಕ್ಕಳಾಗದಂತೆ ಮಾಡುವ ಮದ್ದು, ನಮ್ಮ ಮಕ್ಕಳಿಗೆಂದೇ ತಂದದ್ದು ಎಂದು ಅದರಲ್ಲಿತ್ತು. ನಾನು ಪೂರ್ತಿ ನಂಬಲಿಲ್ಲ. ಆದರೆ ಸುಮ್ಮನೆಯೂ ಇರಲಿಲ್ಲ. "ಖಚಿತವಾಗುವವರೆಗೆ ಜಾಗ್ರತೆ" ಎಂದು ಒಂದು ಸಾಲು ಸೇರಿಸಿ ಪೋಷಕರ ಗುಂಪಿಗೆ ಕಳಿಸಿಬಿಟ್ಟೆ.

ಲಸಿಕೆಯ ದಿನ 38 ಮಕ್ಕಳ ತರಗತಿಗೆ ಬಂದವರು 14 ಮಂದಿ. ನಮ್ಮ ಮುಖ್ಯ ಶಿಕ್ಷಕಿ ನನ್ನನ್ನು ಕರೆದು ಬಯ್ಯಲಿಲ್ಲ. ಮೊಬೈಲ್ ಮುಂದಿಟ್ಟು, "ಟೀಚರ್, ಇದನ್ನು ಬರೆದವರು ಯಾರು?" ಎಂದು ಮಾತ್ರ ಕೇಳಿದರು. ನನ್ನ ಹತ್ತಿರ ಉತ್ತರ ಇರಲಿಲ್ಲ. ಮಕ್ಕಳ ಪ್ರಬಂಧದಲ್ಲಿ ಒಂದು ಕಾಗುಣಿತ ತಪ್ಪಿದ್ದರೆ ಕೆಂಪು ಶಾಯಿಯಲ್ಲಿ ಸುತ್ತು ಹಾಕುವ ನಾನು, ಬರೆದವರ ಹೆಸರಿಲ್ಲದ, ತಾರೀಕಿಲ್ಲದ ಕಾಗದವನ್ನು 38 ಮನೆಗೆ ಹಂಚಿದ್ದೆ. ಅನಂತರ ಮನೆ ಮನೆಗೆ ಹೋದೆ. "ಟೀಚರ್, ನೀವೇ ಅಲ್ವಾ ಕಳಿಸಿದ್ದು?" ಎಂದು ಒಬ್ಬ ತಾಯಿ ಕೇಳಿದಾಗ ತಲೆ ತಗ್ಗಿಸಿದೆ. ಅಭಿಯಾನ ಮುಗಿಯುವಷ್ಟರಲ್ಲಿ ಹೆಚ್ಚಿನವರು ಹಾಕಿಸಿಕೊಂಡರು. ಐದು ಮಕ್ಕಳು ಕೊನೆಗೂ ಹಾಕಿಸಿಕೊಳ್ಳಲಿಲ್ಲ. ಅವರಲ್ಲಿ ಮೂವರು ಹುಡುಗಿಯರು.

ಆ ಮೂವರ ಬಗ್ಗೆ ನನಗೆ ಇಂದಿಗೂ ಚಿಂತೆ ಇದೆ. ರುಬೆಲ್ಲಾ ಬಂದರೆ ಮಕ್ಕಳಿಗೆ ಸಣ್ಣ ಜ್ವರ, ಮೈಮೇಲೆ ಕೆಂಪು ಗುಳ್ಳೆ, ಅಷ್ಟೇ. ಗರ್ಭಿಣಿಗೆ, ಅದರಲ್ಲೂ ಮೊದಲ ಮೂರು ತಿಂಗಳಲ್ಲಿ ಬಂದರೆ, ಹೊಟ್ಟೆಯಲ್ಲಿರುವ ಮಗುವಿನ ಕಣ್ಣು, ಕಿವಿ, ಹೃದಯಕ್ಕೆ ಪೆಟ್ಟು. ಸಂತಾನಕ್ಕೆ ಕೇಡು ಎಂದು ಯಾವ ಲಸಿಕೆಯನ್ನು ನಾವು ದೂರ ಇಟ್ಟೆವೋ ಅದು ಹುಟ್ಟಲಿರುವ ಮಗುವನ್ನು ಕಾಯುವ ಲಸಿಕೆ. ಆ ಹುಡುಗಿಯರು ಈಗ ಮದುವೆಯ ವಯಸ್ಸಿಗೆ ಬಂದಿದ್ದಾರೆ. ಇಲ್ಲಿ ಕುಳಿತಿರುವ ಕಾಲೇಜು ವಿದ್ಯಾರ್ಥಿನಿಯರಲ್ಲಿ ಆ ವರ್ಷ ತಪ್ಪಿಸಿಕೊಂಡವರು ಯಾರಾದರೂ ಇದ್ದರೆ, ಮದುವೆಗೆ ಮೊದಲೇ ವೈದ್ಯರಲ್ಲಿ ಕೇಳಿ. ಗರ್ಭಿಣಿಯಾದ ಮೇಲೆ ಅದನ್ನು ಹಾಕಿಸುವಂತಿಲ್ಲ.

ಅಷ್ಟಾದ ಮೇಲೆ ನಾನು ಬುದ್ಧಿ ಕಲಿತೆ ಎಂದು ನೀವು ತಿಳಿದರೆ ಅದೂ ಪೂರ್ತಿ ನಿಜವಲ್ಲ. ನನ್ನ ಮೊದಲ ಮಗ ಹುಟ್ಟಿದಾಗ ತವರಿನಲ್ಲಿದ್ದೆ. ಒಂದೂವರೆ ತಿಂಗಳ ಚುಚ್ಚುಮದ್ದಿನ ದಿನ ಮಗುವಿಗೆ ನೆಗಡಿ. ಮುಂದಿನ ವಾರ ಎಂದೆವು. ಮುಂದಿನ ವಾರ ಮನೆಯಲ್ಲಿ ಮದುವೆ. ಅದರ ಮುಂದಿನ ವಾರ ಮಳೆ. ಹೀಗೆ ಎರಡೂವರೆ ತಿಂಗಳಾಯಿತು. ಒಂದು ರಾತ್ರಿ ಅವನಿಗೆ ಕೆಮ್ಮು ಶುರುವಾಗಿ ಮುಖ ಕೆಂಪಗಾಗಿ ಉಸಿರು ಹಿಡಿಯುವಂತಾಯಿತು. ದೊಡ್ಡ ಆಸ್ಪತ್ರೆಯೊಂದಕ್ಕೆ ಓಡಿದೆವು. ವೈದ್ಯರು ಮೊದಲು ಕೇಳಿದ್ದು ಕಾರ್ಡನ್ನು. ಹುಟ್ಟಿದಾಗಿನ ಸಾಲು ಬಿಟ್ಟರೆ ಕೆಳಗೆಲ್ಲ ಖಾಲಿ. ನಾಯಿಕೆಮ್ಮು ಇರಬಹುದೇ ಎಂದು ಪರೀಕ್ಷೆಗೆ ಕಳಿಸಿದರು. ದೊಡ್ಡವರಿಗೆ ಅದು ವಾರಗಟ್ಟಲೆಯ ಕೆಮ್ಮು. ಆರು ತಿಂಗಳೊಳಗಿನ ಕೂಸಿಗೆ ಉಸಿರೇ ನಿಂತುಹೋಗಬಹುದಾದ ರೋಗ. ಅದನ್ನು ತಡೆಯುವ ಲಸಿಕೆ ಒಂದು ತಿಂಗಳ ಹಿಂದೆಯೇ ನಮಗಾಗಿ ಪುಕ್ಕಟೆ ಕಾದಿತ್ತು. ಎರಡು ರಾತ್ರಿಯ ಮೇಲೆ ನಾಯಿಕೆಮ್ಮು ಅಲ್ಲ ಎಂದು ಗೊತ್ತಾಯಿತು. ಐದನೇ ದಿನ ಮನೆಗೆ ಬಂದೆವು. ಆ ಎರಡು ರಾತ್ರಿ ನಾನು ಆ ಖಾಲಿ ಕಾರ್ಡನ್ನು ಎಷ್ಟು ಸಲ ಬಿಡಿಸಿ ನೋಡಿದೆನೋ ಲೆಕ್ಕವಿಲ್ಲ.

ಈಗ ಈ ಮಗಳ ವಿಚಾರಕ್ಕೆ ಬರುತ್ತೇನೆ. ಇವಳು ಹುಟ್ಟಿದ್ದು ಉಡುಪಿಯ ಸರಕಾರಿ ತಾಯಿ ಮಕ್ಕಳ ಆಸ್ಪತ್ರೆಯಲ್ಲಿ. ಹಾಜಿ ಅಬ್ದುಲ್ಲಾ ಸಾಹೇಬರು ದಾನ ಕೊಟ್ಟ ಜಾಗ ಅದು. 1906ರಲ್ಲಿ ಉಡುಪಿಯಲ್ಲಿ ಹುಟ್ಟಿ, ಮುಂದೆ ಕಾರ್ಪೊರೇಷನ್ ಬ್ಯಾಂಕ್ ಎಂದು ಹೆಸರಾಗಿ, 2020ರಲ್ಲಿ ಯೂನಿಯನ್ ಬ್ಯಾಂಕಿನೊಳಗೆ ಸೇರಿದ ಬ್ಯಾಂಕಿನ ಸ್ಥಾಪಕರು ಅವರೇ ಎಂಬುದು ನಮ್ಮ ಮಕ್ಕಳಿಗೆ ಗೊತ್ತಿರುತ್ತದೆ. ಹೆಂಗಸರು ಮಕ್ಕಳ ಆಸ್ಪತ್ರೆಗೂ ಜಾಗ ಕೊಟ್ಟರು ಎಂಬುದು ಅಷ್ಟಾಗಿ ಗೊತ್ತಿಲ್ಲ. ಅಲ್ಲಿ ಹುಟ್ಟುವ ಮಕ್ಕಳು ಯಾವ ಮನೆಯವರು ಎಂದು ಅವರು ಕೇಳಿ ಕೊಟ್ಟದ್ದಲ್ಲ.

ಹುಟ್ಟಿದ ಮೇಲೆ ಅಲ್ಲಿಯೇ ಮೂರು ಲಸಿಕೆ ಆಯಿತು. ಎಡತೋಳಿಗೆ ಕ್ಷಯದ ಬಿ.ಸಿ.ಜಿ., ಬಾಯಿಗೆ ಪೋಲಿಯೋ ಹನಿ, ತೊಡೆಗೆ ಹೆಪಟೈಟಿಸ್ ಬಿ. ಈ ಮೂರನೆಯದನ್ನು ಹುಟ್ಟಿದ 24 ಗಂಟೆಯೊಳಗೆ ಕೊಡಬೇಕು; ತಾಯಿಗೆ ಆ ಕಾಮಾಲೆಯ ಸೋಂಕಿದ್ದರೆ ಹೆರಿಗೆಯ ಹೊತ್ತಿಗೇ ಮಗುವಿಗೆ ಅಂಟುತ್ತದೆ ಎಂಬ ಕಾರಣಕ್ಕೆ. ಬಿ.ಸಿ.ಜಿ. ಹಾಕಿದ ಜಾಗದಲ್ಲಿ ಕೆಲವು ವಾರದ ಮೇಲೆ ಸಣ್ಣ ಗುಳ್ಳೆ ಎದ್ದು, ಒಡೆದು, ಮಾಯ್ದು ಕಲೆ ಉಳಿಯುತ್ತದೆ. ಅರಿಶಿನ, ಎಣ್ಣೆ, ಮುಲಾಮು ಏನೂ ಹಚ್ಚಬೇಡಿ. ತಾನಾಗಿ ಮಾಯುತ್ತದೆ.

ಮುಂದಿನದು ಒಂದೂವರೆ ತಿಂಗಳಿಗೆ, ಅಂದರೆ ಆರು ವಾರಕ್ಕೆ. ನಮ್ಮ ಮನೆಗಳಲ್ಲಿ ಬಾಣಂತಿ ನಲವತ್ತು ದಿನ ಹೊಸ್ತಿಲು ದಾಟುವುದಿಲ್ಲ. ಆಶಾ ಕಾರ್ಯಕರ್ತೆ ಬಂದಾಗ "ನಲವತ್ತು ಆಗ್ಲಿ, ಆಮೇಲೆ ನೋಡುವ" ಎಂದು ಹಿರಿಯರು ಹೇಳುತ್ತಾರೆ. ಅವರು ಇದನ್ನು ತಕರಾರು ಎಂದು ತಿಳಿಯುತ್ತಾರೆ. ನಾನು ಬೆರಳು ಮಡಚಿ ಲೆಕ್ಕ ಹಾಕಿದೆ. ಆರು ವಾರ ಎಂದರೆ 42 ದಿನ. ನಲವತ್ತು ಕಳೆದ ಎರಡನೇ ದಿನ! ನಮ್ಮ ರೂಢಿಗೂ ಸರಕಾರದ ಪಟ್ಟಿಗೂ ಜಗಳವೇ ಇಲ್ಲ. ಮಗು ಹುಟ್ಟಿದ್ದು ಗುರುವಾರ, ಆರು ವಾರ ಕಳೆದರೆ ಮತ್ತೆ ಗುರುವಾರವೇ, ನಮ್ಮಲ್ಲಿ ಚುಚ್ಚುಮದ್ದಿನ ದಿನವೂ ಗುರುವಾರ. ಬಾಣಂತಿ ಮೊದಲು ಹೊರಗೆ ಕಾಲಿಡುವ ದಿನ ಮಗುವಿನ ಕಾರ್ಡು ಹಿಡಿದುಕೊಂಡೇ ಹೊರಡಬಹುದು.

ಅತ್ತೆಯವರಿಗೆ ಹೇಳಿದೆ. ಅವರು ಒಪ್ಪಲಿಲ್ಲ. "ಇತ್ತೀಸಿ ಜಾನ್‌ಕು ತೀನ್ ಸುಯ್ಯಾಂ?" ಎಂದರು. ಇಷ್ಟು ಪುಟ್ಟ ಜೀವಕ್ಕೆ ಮೂರು ಸೂಜಿಯೇ ಎಂದು. ಇದನ್ನು ಕೇಳಿ ಅವರನ್ನು ತಿಳಿಯದವರು ಎಂದುಕೊಳ್ಳಬೇಡಿ. ಅವರ ಸ್ವಂತ ತಮ್ಮನಿಗೆ ಎರಡು ವರ್ಷದಲ್ಲಿ ಪೋಲಿಯೋ ಆಗಿ ಒಂದು ಕಾಲು ಸಣ್ಣದಾಯಿತು. ಮೊಣಕಾಲಿಗೆ ಕೈ ಊರಿ ನಡೆಯುವ ತಮ್ಮನನ್ನು ಎತ್ತಿ ಶಾಲೆಗೆ ಕರೆದುಕೊಂಡು ಹೋದದ್ದು ಅವರೇ. ರೋಗದ ಭಯ ಅವರಿಗೆ ನನಗಿಂತ ಹೆಚ್ಚು ಗೊತ್ತು. ಆದರೆ ಸೂಜಿಯ ಬಗ್ಗೆ ಯಾರೂ ಅವರೊಡನೆ ಕುಳಿತು ಮಾತನಾಡಿಲ್ಲ. ದುಬೈಯಿಂದ ಫೋನ್ ಮಾಡಿದ ನನ್ನ ಮನೆಯವರು ಕೂಡ "ಅಮ್ಮಿ ಹೇಳಿದ ಹಾಗೆ ಮಾಡು" ಎಂದರು. ಊರಿನಲ್ಲಿಲ್ಲದ ಗಂಡಸರು ಬಹಳ ಸುಲಭವಾಗಿ ಆಡುವ ಮಾತು ಅದು. ಕೊನೆಗೆ ನಾನು, "ಅಮ್ಮಿ, ನೀವೂ ಬನ್ನಿ. ನಿಮ್ಮ ಪ್ರಶ್ನೆ ಸಿಸ್ಟರ್ ಹತ್ತಿರವೇ ಕೇಳಿ. ಉತ್ತರ ಸರಿ ಕಾಣದಿದ್ದರೆ ವಾಪಸು ಬರುವ" ಎಂದೆ. ಹೊರಟರು.

ಹಿರಿಯಡ್ಕದ ಸರಕಾರಿ ಆರೋಗ್ಯ ಕೇಂದ್ರಕ್ಕೆ ರಿಕ್ಷಾದಲ್ಲಿ ಹೋದೆವು. ಸೂಜಿಗೆ ಮೊದಲು ತಪಾಸಣೆ. ಇದನ್ನು ನಾವು ಲೆಕ್ಕಕ್ಕೇ ಹಿಡಿಯುವುದಿಲ್ಲ, ಆದರೆ ನನ್ನ ಮಟ್ಟಿಗೆ ಅರ್ಧ ಪ್ರಯೋಜನ ಇದರಲ್ಲೇ ಇದೆ. ಬಟ್ಟೆ ಬಿಚ್ಚಿ ತೂಕ ನೋಡಿದರು. ಹುಟ್ಟಿದ ಮೊದಲ ದಿನಗಳಲ್ಲಿ ಮಗುವಿನ ತೂಕ ಸ್ವಲ್ಪ ಇಳಿಯುತ್ತದೆ, ಎರಡು ವಾರದೊಳಗೆ ಮತ್ತೆ ಮೊದಲಿನಷ್ಟಾಗುತ್ತದೆ, ಅಲ್ಲಿಂದ ದಿನಕ್ಕೆ 20ರಿಂದ 30 ಗ್ರಾಂ ಏರಬೇಕು. ತಾಯಿ ಕಾರ್ಡಿನಲ್ಲಿ ಒಂದು ನಕ್ಷೆ ಇದೆ. ತೂಕಕ್ಕೆ ಚುಕ್ಕೆ ಇಟ್ಟು ಗೆರೆ ಎಳೆಯುತ್ತಾರೆ. ಗೆರೆ ಹಸಿರು ಪಟ್ಟಿಯಲ್ಲಿ ಮೇಲಕ್ಕೆ ಹೋಗುತ್ತಿದ್ದರೆ ಎದೆಹಾಲು ಸಾಲುತ್ತಿದೆ ಎಂದು ಅರ್ಥ. ಹಾಲು ಸಾಲದು, ಡಬ್ಬಿ ಹಾಲು ಕೊಡಿ ಎಂದು ನೆಂಟರು ಹೇಳುವಾಗ ಆ ಗೆರೆಯನ್ನು ತೋರಿಸಬಹುದು. ನಾನು ತೋರಿಸಿದ್ದೇನೆ. ತಲೆಯ ಸುತ್ತಳತೆ ಅಳೆದರು, ನೆತ್ತಿ ಮುಟ್ಟಿ ನೋಡಿದರು, ಎದೆಯ ಬಡಿತ ಕೇಳಿದರು, ಕಾಲು ಮಡಚಿ ಅಗಲಿಸಿ ಸೊಂಟದ ಕೀಲು ನೋಡಿದರು. "ಮುಖ ನೋಡಿ ನಗ್ತಾಳಾ? ಶಬ್ದಕ್ಕೆ ಬೆಚ್ತಾಳಾ?" ಎಂದು ಕೇಳಿದರು. ನಗುತ್ತಾಳೆ ಎಂದು ಉತ್ತರ ಕೊಟ್ಟದ್ದು ಅತ್ತೆಯವರು.

ಅನಂತರ ಸಿಸ್ಟರ್ ಹತ್ತಿರ ಅತ್ತೆಯವರು ಅದೇ ಪ್ರಶ್ನೆ ಕೇಳಿದರು: ಮೂರು ಸೂಜಿ ಯಾಕೆ, ಒಂದೊಂದಾಗಿ ಕೊಡಬಾರದೇ? ಸಿಸ್ಟರ್ ಕುರ್ಚಿ ಎಳೆದು ಕೂರಿಸಿದರು. ಎಡತೊಡೆಗೆ ಕೊಡುವುದು ಪೆಂಟಾವೇಲೆಂಟ್. ಗಂಟಲುಮಾರಿ, ನಾಯಿಕೆಮ್ಮು, ಧನುರ್ವಾಯು, ಹೆಪಟೈಟಿಸ್ ಬಿ, ಹಿಬ್ ಎಂಬ ರೋಗಾಣು ತರುವ ಮೆದುಳಿನ ಹಾಗೂ ಶ್ವಾಸಕೋಶದ ಸೋಂಕು, ಈ ಐದಕ್ಕೆ ಒಂದೇ ಸೂಜಿ. ಬಲತೊಡೆಗೆ ನ್ಯುಮೋನಿಯಾದ್ದು. ಬಲತೋಳಿನ ಚರ್ಮದೊಳಗೆ ಸಣ್ಣದೊಂದು, ಪೋಲಿಯೋಗೆ. ಬಾಯಿಗೆ ಪೋಲಿಯೋ ಹನಿ, ಜತೆಗೆ ಭೇದಿ ತಡೆಯುವ ರೋಟಾ ಲಸಿಕೆ. "ಅಮ್ಮಾ, ಮಗು ದಿನಾ ಉಸಿರಾಡುವಾಗ, ಬಟ್ಟೆ ಚೀಪುವಾಗ ಎಷ್ಟೋ ರೋಗಾಣುವನ್ನು ಒಟ್ಟಿಗೇ ಎದುರಿಸ್ತದೆ. ಇದು ಅದರ ಮುಂದೆ ಏನೂ ಅಲ್ಲ. ಒಂದೊಂದೇ ಕೊಟ್ರೆ ಮೂರು ದಿನ ಅಳ್ತದೆ, ಒಟ್ಟಿಗೆ ಕೊಟ್ರೆ ಒಂದೇ ದಿನ" ಎಂದರು. ಪೋಲಿಯೋ ಹೆಸರು ಬಂದಾಗ ಅತ್ತೆಯವರು ಮಗುವಿನ ಕಾಲನ್ನು ಕೈಯಲ್ಲಿ ಹಿಡಿದುಕೊಂಡರು. ಮತ್ತೆ ಏನೂ ಕೇಳಲಿಲ್ಲ.

ನಾನು ಟೀಚರ್ ಆದದ್ದರಿಂದ ಇನ್ನೆರಡು ಕೇಳಿದೆ. ಲಸಿಕೆ ಹಾಳಾಗಿಲ್ಲ ಎಂದು ತಿಳಿಯುವುದು ಹೇಗೆ? ಬಾಟಲಿಯ ಮೇಲಿನ ಗುರುತನ್ನು ತೋರಿಸಿದರು. ಒಂದು ಬಣ್ಣದ ವೃತ್ತ, ಒಳಗೆ ಒಂದು ಚೌಕ. ಚೌಕ ವೃತ್ತಕ್ಕಿಂತ ತಿಳಿಯಾಗಿದ್ದರೆ ಲಸಿಕೆ ಸರಿ. ಬಿಸಿ ತಾಗಿದಷ್ಟೂ ಚೌಕ ಕಪ್ಪಾಗುತ್ತದೆ. ವೃತ್ತದಷ್ಟೇ ಕಪ್ಪಾದರೆ ಅದನ್ನು ಎಸೆಯಬೇಕು. ಓದು ಬರದ ತಾಯಿಯೂ ನೋಡಬಹುದಾದ ಗುರುತು. ಸಿರಿಂಜ್ ಒಂದು ಸಲ ಒತ್ತಿದ ಮೇಲೆ ತಾನಾಗಿ ಸಿಕ್ಕಿಕೊಳ್ಳುವಂಥದ್ದು, ಇನ್ನೊಂದು ಮಗುವಿಗೆ ಬಳಸಲು ಬರುವುದೇ ಇಲ್ಲ. ಗುರುವಾರವೇ ಬನ್ನಿ ಎಂದು ಯಾಕೆ ಹಟ ಮಾಡುತ್ತಾರೆ ಎಂಬುದೂ ಅಂದು ತಿಳಿಯಿತು. ಬಿ.ಸಿ.ಜಿ., ದಡಾರದ ಲಸಿಕೆಯಂಥವನ್ನು ಬಾಟಲಿ ತೆರೆದ ನಾಲ್ಕು ಗಂಟೆಯೊಳಗೆ ಮುಗಿಸಬೇಕು, ಉಳಿದದ್ದನ್ನು ಎಸೆಯಬೇಕು. ಅದಕ್ಕೆ ಮಕ್ಕಳನ್ನು ಒಂದೇ ದಿನ ಸೇರಿಸುವುದು.

ಮಗು ಅತ್ತಳು, ಜೋರಾಗಿಯೇ ಅತ್ತಳು. ಎದೆಗೆ ಹಾಕಿಕೊಂಡ ಮೇಲೆ ಎರಡು ನಿಮಿಷದಲ್ಲಿ ಸುಮ್ಮನಾದಳು. ಅರ್ಧ ಗಂಟೆ ಅಲ್ಲೇ ಕೂರಬೇಕು. ಅಪರೂಪಕ್ಕೆ ಯಾರಿಗಾದರೂ ಒಗ್ಗದಿದ್ದರೆ ತಕ್ಷಣ ನೋಡಲು. ರಿಕ್ಷಾ ಕಾಯುತ್ತಿದೆ ಎಂದು ಓಡಿ ಬರಬೇಡಿ. ಹೊರಡುವಾಗ ಸಿಸ್ಟರ್ ನಾಲ್ಕು ಮಾತು ಹೇಳಿದರು. ಇಂದು ಕೊಟ್ಟದ್ದು ಏನು, ರಾತ್ರಿ ಏನಾಗಬಹುದು, ಏನು ಮಾಡಬೇಕು, ಮುಂದೆ ಯಾವಾಗ ಬರಬೇಕು. ಕಾರ್ಡನ್ನು ಜೋಪಾನ ಮಾಡಿ, ಬರುವಾಗ ತನ್ನಿ ಎಂದೂ ಹೇಳಿದರು. ಈ ಮಾತುಗಳನ್ನು ಪ್ರತಿ ತಾಯಿಗೂ ಹೇಳಬೇಕೆಂದು ಅವರಿಗೆ ತರಬೇತಿಯೇ ಇದೆ. ನೂಕುನುಗ್ಗಲಿನಲ್ಲಿ ಎಲ್ಲಿಯಾದರೂ ಹೇಳದೆ ಹೋದರೆ ನಾವೇ ಕೇಳಬೇಕು. ಮೊದಲ ಮಗನ ಸಮಯದಲ್ಲಿ ಕೊನೆಗೂ ಚುಚ್ಚುಮದ್ದು ಹಾಕಿಸಿದ ದಿನ ನಾನು ಕೇಳಲಿಲ್ಲ. ರಾತ್ರಿ ಜ್ವರ ಬಂದಾಗ ಮದ್ದೇ ತಪ್ಪಾಯಿತು ಎಂದು ಹೆದರಿ ಮಗುವನ್ನು ಕಂಬಳಿಯಲ್ಲಿ ಸುತ್ತಿ ಕೂತಿದ್ದೆ.

ಈ ಸಲವೂ ರಾತ್ರಿ ಜ್ವರ ಬಂತು. ತೊಡೆ ಸ್ವಲ್ಪ ಊದಿ ಗಟ್ಟಿಯಾಯಿತು. ಆದರೆ ಬರುತ್ತದೆ ಎಂದು ಮೊದಲೇ ಗೊತ್ತಿತ್ತು. ತೂಕಕ್ಕೆ ತಕ್ಕಂತೆ ಸಿಸ್ಟರ್ ಹೇಳಿಕೊಟ್ಟಷ್ಟೇ ಪ್ಯಾರಾಸಿಟಮಾಲ್ ಹನಿ, ತೆಳ್ಳಗಿನ ಬಟ್ಟೆ, ಮತ್ತೆ ಮತ್ತೆ ಎದೆಹಾಲು. ಊದಿದಲ್ಲಿಗೆ ಒದ್ದೆ ತಣ್ಣನೆ ಬಟ್ಟೆ. ಶಾಖ ಕೊಡುವುದು, ತಿಕ್ಕುವುದು ಕೂಡದು. ಮರುದಿನ ಸಂಜೆಗೆ ಇಳಿಯಿತು. ಎರಡು ದಿನ ಕಳೆದರೂ ಜ್ವರ ಬಿಡದಿದ್ದರೆ, ಫಿಟ್ಸ್ ಬಂದರೆ, ಹಾಲು ಬಿಟ್ಟರೆ, ಮೂರು ಗಂಟೆಗೂ ಹೆಚ್ಚು ಹೊತ್ತು ಅಳು ನಿಲ್ಲದಿದ್ದರೆ ಕಾಯದೆ ಆಸ್ಪತ್ರೆಗೆ ಹೋಗಬೇಕು.

ತಡ ಮಾಡಲು ನಾವು ಹೇಳುವ ಕಾರಣಗಳು ನನಗೆ ಬಾಯಿಪಾಠ. ನೆಗಡಿ, ಸಣ್ಣ ಕೆಮ್ಮು, ಸ್ವಲ್ಪ ಭೇದಿ ಯಾವುದೂ ಕಾರಣವಲ್ಲ. ಜೋರು ಜ್ವರವಿದ್ದರೆ ಸಿಸ್ಟರನ್ನು ಕೇಳಿ. ತವರಿಗೆ ಹೋದರೆ ಕಾರ್ಡು ಜತೆಗೆ ಹೋಗಲಿ, ಯಾವ ಊರಿನ ಸರಕಾರಿ ಕೇಂದ್ರದಲ್ಲೂ ಹಾಕುತ್ತಾರೆ. ಈಗ ಯು-ವಿನ್ ಎಂಬ ಜಾಲತಾಣದಲ್ಲೂ ದಾಖಲಾಗುತ್ತದೆ. ತಡವಾಗಿಹೋಗಿದ್ದರೆ, ಇನ್ನು ಮೊದಲಿಂದ ಶುರು ಮಾಡಬೇಕು ಎಂದು ನಾಚಿ ಕೂರಬೇಡಿ. ನಿಂತಲ್ಲಿಂದ ಮುಂದುವರಿಸುತ್ತಾರೆ. ನನ್ನ ಮಗನಿಗೂ ಹಾಗೆಯೇ ಆಯಿತು.

ಹಿರಿಯರಿಗೆ ಇನ್ನೊಂದು ಮಾತು. ಈ ಮದ್ದೆಲ್ಲ ಹೊರಗಿನವರದು ಎಂಬ ಭಾವನೆ ನಮ್ಮಲ್ಲಿ ಕೆಲವರಿಗಿದೆ. ಸಿಡುಬು ಬೇರೆ, ದಡಾರ ಬೇರೆ ಎಂದು ವಿವರವಾಗಿ ಗ್ರಂಥ ಬರೆದವರು ಸುಮಾರು 1100 ವರ್ಷಗಳ ಹಿಂದಿನ ವೈದ್ಯ ಅಬೂಬಕ್ರ್ ಅಲ್‌ರಾಝಿ. ಸಿಡುಬಿನ ಕೀವನ್ನು ತೋಳಿಗೆ ಚುಚ್ಚಿ ರೋಗ ತಡೆಯುವ ಪದ್ಧತಿಯನ್ನು ಇಂಗ್ಲೆಂಡಿನ ರಾಯಭಾರಿಯ ಪತ್ನಿ ಮೇರಿ ಮಾಂಟೆಗ್ಯು ನೋಡಿದ್ದು ತುರ್ಕಿಯಲ್ಲಿ. 1718ರಲ್ಲಿ ತನ್ನ ಮಗನಿಗೆ ಅಲ್ಲೇ ಮಾಡಿಸಿದರು. ಜೆನ್ನರ್‌ನ ಲಸಿಕೆ ಬಂದದ್ದು 1796ರಲ್ಲಿ. ನಮ್ಮ ಮೈಸೂರಿನ ಕತೆಯೂ ಇದೆ. 1805ರ ಸುಮಾರಿಗೆ ಥಾಮಸ್ ಹಿಕ್ಕಿ ಬರೆದ ಚಿತ್ರವೊಂದರಲ್ಲಿ ಮೂವರು ಹೆಂಗಸರಿದ್ದಾರೆ. ಅವರು ಮೈಸೂರಿನ ರಾಣಿಯರು, ಒಬ್ಬರು ಲಸಿಕೆ ಹಾಕಿಸಿಕೊಂಡ ತೋಳನ್ನು ಜನರಿಗೆ ತೋರಿಸುತ್ತಿದ್ದಾರೆ ಎಂದು ಚರಿತ್ರೆಕಾರ ನೈಜೆಲ್ ಚಾನ್ಸಲರ್ ಹೇಳುತ್ತಾರೆ. ಎಲ್ಲರೂ ಒಪ್ಪಿಲ್ಲ. ಒಪ್ಪಿದರೆ, ಇನ್ನೂರು ವರ್ಷದ ಹಿಂದೆಯೂ ಹೆಂಗಸರ ಭಯ ಕಳೆಯಲು ಹೆಂಗಸರೇ ಮುಂದೆ ಬರಬೇಕಾಯಿತು ಎಂದಾಯಿತು.

ಪೋಲಿಯೋ ವಿಷಯದಲ್ಲಿ ಉತ್ತರಪ್ರದೇಶದ ನಮ್ಮ ಜನರ ನಡುವೆ ಇದೇ ಸಂಶಯ ಹಬ್ಬಿತ್ತು. ಅಲಿಗಢ ಮುಸ್ಲಿಂ ವಿಶ್ವವಿದ್ಯಾಲಯ, ಜಾಮಿಯಾ ಮಿಲ್ಲಿಯಾದಂಥ ಸಂಸ್ಥೆಗಳವರು, ಮಸೀದಿಗಳ ಇಮಾಮರು ಮನೆಬಾಗಿಲಿಗೆ ಹೋಗಿ ಮಾತಾಡಿದರು. ದೇಶದ ಕೊನೆಯ ಪೋಲಿಯೋ ಪ್ರಕರಣ 2011ರ ಜನವರಿಯಲ್ಲಿ, ಪಶ್ಚಿಮ ಬಂಗಾಳದ ಹೌರಾದಲ್ಲಿ. 2014ರ ಮಾರ್ಚ್ 27ರಂದು ನಮ್ಮ ದೇಶ ಪೋಲಿಯೋ ಮುಕ್ತವೆಂದು ಪ್ರಮಾಣಪತ್ರ ಸಿಕ್ಕಿತು. ಇನ್ನೊಂದು ಕಡೆ, ನಮ್ಮಲ್ಲಿ ಅನೇಕರಿಗೆ ನೆಂಟಸ್ತನವಿರುವ ಕೇರಳದ ಮಲಪ್ಪುರಂ ಜಿಲ್ಲೆಯನ್ನು ನೋಡಿ. ಲಸಿಕೆ ಬಿಟ್ಟ ಮಕ್ಕಳಲ್ಲಿ 2015, 2016ರಲ್ಲಿ ಗಂಟಲುಮಾರಿ ಮತ್ತೆ ಕಾಣಿಸಿಕೊಂಡು ಮಕ್ಕಳು ಪ್ರಾಣ ಕಳೆದುಕೊಂಡರು. ಆ ರೋಗದ ಹೆಸರನ್ನು ನಾವು ಅಜ್ಜಿಯ ಬಾಯಲ್ಲಷ್ಟೇ ಕೇಳಿದ್ದು.

ಸಂಘದವರಲ್ಲಿ ನನ್ನ ಕೋರಿಕೆ ಸಣ್ಣದು. ವಿದ್ಯಾರ್ಥಿವೇತನದ ಅರ್ಜಿ ಪಡೆಯಲು ಪೋಷಕರು ಬರುವ ದಿನ ಮನೆಯ ಚಿಕ್ಕ ಮಕ್ಕಳ ತಾಯಿ ಕಾರ್ಡನ್ನೂ ತರಲು ಹೇಳಿ. ಓದುಬಲ್ಲ ಇಬ್ಬರು ವಿದ್ಯಾರ್ಥಿನಿಯರು ಕುಳಿತು, ಮುಂದಿನ ತಾರೀಕು ಯಾವುದು ಎಂದು ತಾಯಿಗೆ ಉರ್ದುವಿನಲ್ಲೋ ಬ್ಯಾರಿಯಲ್ಲೋ ತುಳುವಿನಲ್ಲೋ ಓದಿ ಹೇಳಲಿ. ಹತ್ತು ವಾರ, ಹದಿನಾಲ್ಕು ವಾರ, ಒಂಬತ್ತು ತಿಂಗಳು ತುಂಬಿದ ಮೇಲೆ ದಡಾರ ರುಬೆಲ್ಲಾ, ಒಂದೂವರೆ ವರ್ಷದ ಸುಮಾರಿಗೆ ಅದರ ಎರಡನೆಯದು. ಒಂಬತ್ತು ತಿಂಗಳಿನದನ್ನೇ ಹೆಚ್ಚು ಜನ ಮರೆಯುತ್ತಾರೆ, ಮಗು ಆಗ ಅಂಬೆಗಾಲಿಟ್ಟು ಚೆನ್ನಾಗಿ ಆಡಿಕೊಂಡಿರುತ್ತದೆ ನೋಡಿ. ಮಕ್ಕಳೇ, ನಿಮಗೂ ಒಂದು ಕೆಲಸ. ಮೊಬೈಲಿಗೆ ಇಂಥ ಸಂದೇಶ ಬಂದಾಗ ನಮ್ಮ ಮುಖ್ಯ ಶಿಕ್ಷಕಿ ಕೇಳಿದ ಪ್ರಶ್ನೆಯನ್ನು ಕಳಿಸಿದವರಿಗೆ ಕೇಳಿ. ಟೀಚರೇ ಕಳಿಸಿದ್ದರೂ ಕೇಳಿ.

ಮಗಳು ಎದ್ದ ಹಾಗೆ ಕಾಣುತ್ತದೆ. ಬರುವ ಗುರುವಾರಕ್ಕೆ ಅವಳಿಗೆ ಹತ್ತು ವಾರ. ಈ ಸಲ ಒಂದೇ ಸೂಜಿ, ಉಳಿದದ್ದು ಬಾಯಿಗೆ. ಎಷ್ಟು ಗಂಟೆಗೆ ಹೊರಡುವುದು ಎಂದು ಅತ್ತೆಯವರು ನಿನ್ನೆಯೇ ಕೇಳಿದ್ದಾರೆ.